ಸಾಬಮ್ಮನ ಎಡಗೈ

ಸಾಬಮ್ಮನ ಎಡಗೈಯನ್ನು ಸುಟ್ಟವಳು ನಾನು. ಇದು ವಾಡಿಯ ನಮ್ಮ ಕ್ರೈಸ್ತ ಸಭೆಯ ಹಿರಿಯರಿಗೆಲ್ಲ ಗೊತ್ತಿರುವ ಸಂಗತಿ. ಹಾಗೆ ಮಾಡೆಂದು ಪಾಸ್ಟರ್ ಪ್ರಭುದಾಸರು ನನಗೆ ಹೇಳಿಯೇ ಇರಲಿಲ್ಲ — ಇದು ಹೋದ ತಿಂಗಳವರೆಗೆ ಬೇರೆ ಯಾರಿಗೂ ಗೊತ್ತಿರಲಿಲ್ಲ. ಗೊತ್ತಿದ್ದವರು ಇಬ್ಬರೇ. ಒಬ್ಬರು ಕಳೆದ ವರ್ಷ ಚಿಂಚೋಳಿ ಕಡೆಯ ಒಂದು ಹಳ್ಳಿಯಲ್ಲಿ ತೀರಿಕೊಂಡರು. ಉಳಿದವಳು ಇದನ್ನು ಬರೆಯುತ್ತಿದ್ದಾಳೆ.

ನನ್ನ ಹೆಸರು ಎಸ್ತೇರಮ್ಮ. ಮೂವತ್ತು ವರ್ಷ ಶಾಲೆಯಲ್ಲಿ ಕಲಿಸಿದ್ದೇನೆ. ಅಷ್ಟೇ ವರ್ಷ ರವಿವಾರಗಳಂದು ಸಭೆಯ ಮಕ್ಕಳಿಗೆ ವಾಕ್ಯಗಳನ್ನು ಬಾಯಿಪಾಠ ಮಾಡಿಸಿದ್ದೇನೆ. ನಮ್ಮ ಸಭೆಯ ತಿಂಗಳ ಪತ್ರಿಕೆಗೆ ಯುವಕರು ಒಂದು ಪ್ರಶ್ನೆ ಕಳಿಸಿದ್ದಾರೆ — ಕ್ರೈಸ್ತರು ಹಚ್ಚೆ ಹಾಕಿಸಿಕೊಳ್ಳಬಹುದೇ? ಉತ್ತರ ಬರೆಯಲು ಪತ್ರಿಕೆ ನೋಡಿಕೊಳ್ಳುವವರು ನನಗೇ ಹೇಳಿದರು. “ಎರಡು ಪುಟ ಸಾಕ್ರಿ ಟೀಚರಬಾಯಿ. ನಿಮಗ ವಾಕ್ಯ ಎಲ್ಲಾ ಬಾಯಾಗೇ ಅದಾವ” ಅಂದರು.

ವಾಕ್ಯ ಬಾಯಲ್ಲಿರುವುದು ನಿಜ. ಅದೇ ಬಾಯಿಂದ ಮೂರು ಸಲ ಒಂದೇ ಸುಳ್ಳನ್ನು ಆಡಿದ್ದೇನೆ. ಮೂರನೆಯ ಸಲ ಅದರ ಕೆಳಗೆ ಸಹಿಯನ್ನೂ ಹಾಕಿದ್ದೇನೆ. ಆದ್ದರಿಂದ ಪ್ರಶ್ನೆಗೆ ಉತ್ತರ ಬರೆಯುವ ಮುಂಚೆ — ಅಥವಾ ಉತ್ತರದ ಬದಲಿಗೆ — ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ.

ಸಾಬಮ್ಮ ನನ್ನ ಸೋದರಮಾವನ ಮಗಳು. ತೆಂಗಳಿಯವಳು. ನಮ್ಮ ಬಳಗದಲ್ಲಿ ಅರ್ಧ ಜನ ಸಭೆಗೆ ಸೇರಿದವರು, ಅರ್ಧ ಜನ ಊರ ದೇವರನ್ನೇ ನಂಬಿ ಉಳಿದವರು. ಸಂಬಂಧವನ್ನು ಮಾತ್ರ ಯಾರೂ ಕಡಿದುಕೊಂಡಿಲ್ಲ. ಹೆಣ್ಣು ಕೊಡುವುದು ತರುವುದು ಮೊದಲಿನ ಹಾಗೆಯೇ ನಡೆದಿದೆ. ನನ್ನ ತಮ್ಮ ಸಾಮುವೇಲನಿಗೆ ಸಾಬಮ್ಮನನ್ನು ತರುವುದೆಂದು ನಮ್ಮವ್ವ ಬದುಕಿದ್ದಾಗಲೇ ಮಾತಾಗಿತ್ತು. ಮದುವೆ ಸಭೆಯಲ್ಲಿ ಆಗಬೇಕಾದರೆ ಹುಡುಗಿಗೆ ಮೊದಲು ದೀಕ್ಷಾಸ್ನಾನವಾಗಬೇಕು. ಅದಕ್ಕಾಗಿ ಆಕೆ ವಾಡಿಗೆ ಬಂದು ನಮ್ಮ ಮನೆಯಲ್ಲಿದ್ದಳು. ಆಕೆಗೆ ಆಗ ಇಪ್ಪತ್ತು ವರ್ಷ. ನನಗೆ ಮೂವತ್ತೈದು, ಮದುವೆಯಿಲ್ಲ. ಆಕೆಗೆ ಓದಲು ಬರುತ್ತಿರಲಿಲ್ಲ. ಅಕ್ಷರ ಕಲಿಸಿದವಳೂ ನಾನೇ. ಎಡಗೈ ಸ್ಲೇಟಿನ ಕೆಳಗೆ ಕೊಟ್ಟು, ಬಲಗೈಯಿಂದ ಬರೆಯುತ್ತಿದ್ದಳು —

ಆ ಎಡಗೈಯಲ್ಲಿ ಹಚ್ಚೆ ಇತ್ತು. ಮೊಣಕೈಯಿಂದ ಮಣಿಕಟ್ಟಿನವರೆಗೆ ಹಸಿರು. ಒಂದು ತೊಟ್ಟಿಲು, ತೊಟ್ಟಿಲ ಕೆಳಗೆ ಒಂದು ಚೇಳು, ಎರಡು ಸಾಲು ಚುಕ್ಕಿ, ಮಣಿಕಟ್ಟಿನ ಬಳಿ ತಲೆಯ ಮೇಲೆ ಕೊಡ ಹೊತ್ತ ಸಣ್ಣದೊಂದು ಹೆಣ್ಣಿನ ರೂಪ. ನೋಡಿದವರು ಅದನ್ನು ಯಲ್ಲಮ್ಮ ಅನ್ನುತ್ತಿದ್ದರು.

“ಯಲ್ಲಮ್ಮನೋ ಯಾರೋ ನಂಗೊತ್ತಿಲ್ಲಕ್ಕ” ಎಂದಿದ್ದಳು ಸಾಬಮ್ಮ. “ನಮ್ಮವ್ವ ತೊಡಿಮ್ಯಾಲ ಕುಂದ್ರಿಸ್ಕೊಂಡು ಹಾಕ್ಸಿದ್ದು. ನಾ ಅಳಾಕತ್ತಿದ್ರ ಬಾಯಾಗ ಬೆಲ್ಲ ತುರಕ್ಯಾಳ. ಮೈಮ್ಯಾಲಿನ ಬಂಗಾರ ಸತ್ತಾಗ ಬಿಚ್ಕೊತಾರ, ಹಚ್ಚಿ ಒಂದೇ ನಮ್ಮ ಜೋಡಿ ಬರೂದು ಅಂತಿದ್ಲು.”

ಆಕೆಯ ಅವ್ವ ಹಚ್ಚೆ ಹಾಕಿಸಿದ ಮರುವರ್ಷವೇ ಸತ್ತಳು. ತೆಂಗಳಿಯ ಆ ಮನೆಯಲ್ಲಿ ಫೋಟೋ ಇರಲಿಲ್ಲ. ಅವ್ವನದೆಂದು ಸಾಬಮ್ಮನ ಬಳಿ ಇದ್ದದ್ದು ಆ ಹಸಿರು ಒಂದೇ. ಇದು ನನಗೆ ಗೊತ್ತಿತ್ತು. ಗೊತ್ತಿರಲಿಲ್ಲವೆಂದು ಬರೆಯಲು ಆಸೆಯಾಗುತ್ತದೆ. ಗೊತ್ತಿತ್ತು.

ಹೆಂಗಸರ ಪ್ರಾರ್ಥನೆ ಮುಗಿದು ಚಾ ಕುಡಿಯುತ್ತಿದ್ದಾಗ ಶೀಲಮ್ಮ ಎಂಬವಳು — ಗಂಡ ರೈಲ್ವೆಯಲ್ಲಿದ್ದ — ಎಲ್ಲರ ಮುಂದೆ ಕೇಳಿದಳು: “ಏನ್ರಿ ಟೀಚರಬಾಯಿ, ನಿಮ್ಮ ತಮ್ಮನ ಹೆಣ್ತಿ ಆಗಾಕಿ ಕೈಮ್ಯಾಲ ಯಲ್ಲಮ್ಮಗ ಮೊದಲೇ ಸೀಟ್ ರಿಸರ್ವ್ ಆಗ್ಯಾದಲ್ಲ. ಯೇಸುಸ್ವಾಮಿ ನಿಂತೇ ಬರಬೇಕೇನು?”

ಎಲ್ಲರೂ ನಕ್ಕರು. ನಾನೂ ನಕ್ಕೆ. ಚಾ ಅರ್ಧಕ್ಕೇ ಬಿಟ್ಟು ಮನೆಗೆ ಬಂದೆ.

ಇಷ್ಟು ಸಣ್ಣ ಮಾತು ಯಾಕೆ ಅಷ್ಟು ನಾಟಿತು? ವರ್ಷಗಟ್ಟಲೆ ನನ್ನನ್ನೇ ಕೇಳಿಕೊಂಡಿದ್ದೇನೆ. ನಮ್ಮವ್ವನ ಹಣೆಯ ಮೇಲೂ ಹಸಿರು ಬೊಟ್ಟಿತ್ತು, ಎರಡೂ ಕೈಗಳ ಮೇಲೆ ಹಚ್ಚೆ ಇತ್ತು. ನಾನು ಹಾಸ್ಟೆಲಿನಲ್ಲಿ ಓದುತ್ತಿದ್ದಾಗ ಅವ್ವ ನೋಡಲು ಬಂದು ಹೋದ ಮೇಲೆ ಹುಡುಗಿಯರು ಹಸಿರು ಶಾಯಿಯಿಂದ ತಮ್ಮ ಹಣೆಗೆ ಬೊಟ್ಟು ಇಟ್ಟುಕೊಂಡು ನನ್ನ ಮುಂದೆ ಕುಣಿದಿದ್ದರು. ಮುಂದಿನ ತಿಂಗಳು ಅವ್ವ ಬಂದಾಗ ನಾನು ಗೇಟಿನ ಹತ್ತಿರ ಹೋಗಲಿಲ್ಲ. ಅಷ್ಟೇ. ಆ ಬೊಟ್ಟನ್ನು ಅಳಿಸಬೇಕೆಂಬ ಆಸೆ ಎಲ್ಲೋ ಒಳಗೆ ಉಳಿದಿತ್ತೋ ಏನೋ — ಅವ್ವ ಸತ್ತಿದ್ದಳು, ಸಾಬಮ್ಮ ಕೈಗೆ ಸಿಕ್ಕಳು. ಇದು ಕಾರಣವಿರಬಹುದು. ಕಾರಣ ಗೊತ್ತಾದ ಮಾತ್ರಕ್ಕೆ ತಪ್ಪು ಹಗುರಾಗುವುದಿಲ್ಲ.

ಮರುದಿನ ಪಾಸ್ಟರ್ ಪ್ರಭುದಾಸರ ಮನೆಗೆ ಹೋದೆ. ಸೇಡಂ ಕಡೆಯವರು, ತೆಳ್ಳಗಿನ ಮನುಷ್ಯ, ಮಾತಿನಲ್ಲಿ ತೆಲುಗು ಸುಳಿಯುತ್ತಿತ್ತು. ಹಳೆ ಒಡಂಬಡಿಕೆಯ ಆ ವಾಕ್ಯವನ್ನು — ಮೈಮೇಲೆ ಹಚ್ಚೆ ಚುಚ್ಚಿಸಿಕೊಳ್ಳಬಾರದೆಂಬುದನ್ನು — ಅವರ ಮುಂದೆ ಒಪ್ಪಿಸಿದೆ. ಕೈಯ ಹಚ್ಚೆ ತೆಗೆಸದೆ ದೀಕ್ಷಾಸ್ನಾನ ಕೊಡಬಾರದು ಅಂದೆ.

“ಟೀಚರಮ್ಮ, ವಾಕ್ಯ ಪೂರ್ತಿ ಹೇಳ್ರಿ” ಎಂದರು. “ಅದಕ್ಕಿಂತ ಮೊದಲು ಏನದ?”

ಮೊದಲು ಇರುವುದು ಇನ್ನೊಂದು ಮಾತು. ಸತ್ತವರಿಗಾಗಿ ದೇಹವನ್ನು ಗಾಯ ಮಾಡಿಕೊಳ್ಳಬಾರದು ಎಂಬುದು. ಅದನ್ನೂ ಹೇಳಿದೆ.

“ಹಾಂ. ಚುಚ್ಚಬ್ಯಾಡ ಅಂದ ದೇವರು ಚುಚ್ಚಿದ್ದನ್ನ ಕಿತ್ತಿ ತಗೀರಿ ಅಂತ ಎಲ್ಲಿ ಹೇಳ್ಯಾನಮ್ಮ? ನಿಮ್ಮ ತಾಯಿಗೂ ಹಣಿಮ್ಯಾಲ ಇತ್ತಲ್ಲ. ಮ್ಯಾಲ ಆಕಿನ್ನ ಹಿತ್ತಲ ಬಾಗಿಲಿಂದ ಒಳಗ ಬಿಟ್ಟಾರೇನು?” ಎಂದು ನಕ್ಕರು. ನಂತರ ನಗು ನಿಲ್ಲಿಸಿ, “ರವಿವಾರ ಆ ಹುಡುಗಿಗೆ ದೀಕ್ಷಾಸ್ನಾನ ಕೊಡ್ತೀನಿ. ಕೈ ಸುದ್ದಿ ಇಲ್ಲಿಗೇ ಸಾಕು” ಎಂದರು.

ಇದು ಅವರು ಹೇಳಿದ್ದು. ಒಂದು ಅಕ್ಷರ ಹೆಚ್ಚಿಲ್ಲ, ಕಡಿಮೆಯಿಲ್ಲ.

ಅವರ ಮನೆಯಿಂದ ನಮ್ಮ ಮನೆಗೆ ರೈಲಿನ ಹಳಿ ದಾಟಿ ಹತ್ತು ನಿಮಿಷದ ದಾರಿ. ಆ ಹತ್ತು ನಿಮಿಷದಲ್ಲಿ ನನ್ನೊಳಗೆ ಆ ಮಾತು ತಯಾರಾಯಿತು. ಅವ್ವನ ಹೆಸರೆತ್ತಿ ನಕ್ಕರಲ್ಲ ಎಂಬ ಸಿಟ್ಟೂ ಇತ್ತು. ಸಾಬಮ್ಮ ಬಾಗಿಲಲ್ಲೇ ಕೇಳಿದಳು: “ಪಾಸ್ಟರ್ರು ಏನಂದ್ರಕ್ಕ?”

“ಕೈಮ್ಯಾಲಿಂದು ತೆಗಿಸಿದ್ರೇ ದೀಕ್ಷಾಸ್ನಾನ. ಪಾಸ್ಟರ್ರು ಹೇಳ್ಯಾರ.”

“ಎಲ್ಲಾ? ತೊಟ್ಟಿಲೂ?”

“ಎಲ್ಲಾ.”

ಆಕೆ ಕೈಯನ್ನು ನೋಡಿಕೊಂಡಳು. ಸಾಮುವೇಲನನ್ನು ಆಕೆ ಸಣ್ಣವಳಿದ್ದಾಗಿನಿಂದ ಬಲ್ಲಳು, ಅವನನ್ನೇ ಮದುವೆಯಾಗಬೇಕೆಂದು ಬಂದವಳು. “ನೋಯ್ತದೇನಕ್ಕ?” ಎಂದಳು. “ಜರಾ” ಅಂದೆ.

ನಮ್ಮಪ್ಪ ಶಹಾಬಾದದ ಸುಣ್ಣದ ಭಟ್ಟಿಯಲ್ಲಿ ದುಡಿದವನು. ಭಟ್ಟಿಯವರ ಮನೆಗಳಲ್ಲಿ ಚರ್ಮದ ಮೇಲಿನ ನರೂಲಿ ಗಂಟು ಸುಡಲು ಸುಣ್ಣಕ್ಕೆ ಬಟ್ಟೆ ಒಗೆಯುವ ಸೋಡಾ ಕಲಸಿ ಕಡ್ಡಿಯ ತುದಿಯಿಂದ ಹಚ್ಚುವುದು ರೂಢಿ. ಅಕ್ಕಿಕಾಳಿನಷ್ಟು ಹಚ್ಚಿದರೆ ಆ ಜಾಗ ಕಪ್ಪಾಗಿ ಉದುರುತ್ತದೆ. ಅದು ಕಡ್ಡಿಯ ತುದಿಯ ಕೆಲಸವೆಂದು ನಮ್ಮಲ್ಲಿ ಮಕ್ಕಳಿಗೂ ಗೊತ್ತು. ಅಪ್ಪನ ಅಂಗಾಲು ಸುಣ್ಣ ತಿಂದು ಸೀಳಿದ್ದನ್ನು ನಾನು ದಿನಾ ನೋಡಿದ್ದೆ. ಸುಣ್ಣ ಮೈಗೆ ಹತ್ತಿದರೆ ಒರೆಸಲು ಅವನು ಬಾಗಿಲ ಹತ್ತಿರ ಕುಸುಬಿ ಎಣ್ಣೆಯ ಡಬ್ಬಿ ಇಟ್ಟಿರುತ್ತಿದ್ದ. ಅಪ್ಪ ಸತ್ತ ಮೇಲೂ ಆ ಡಬ್ಬಿ ಅಲ್ಲೇ ಇತ್ತು.

ಗುರುವಾರ ಮಧ್ಯಾಹ್ನ. ಸಾಮುವೇಲ ಸಿಮೆಂಟ್ ಕಾರ್ಖಾನೆಯಲ್ಲಿ ಕೆಲಸಕ್ಕೆ ಹೋಗಿದ್ದ. ಹಿತ್ತಲಿಗೆ ಹಾಸಿದ ಫರ್ಸಿಕಲ್ಲಿನ ಮೇಲೆ ಸಾಬಮ್ಮನನ್ನು ಕೂರಿಸಿ, ಕೈ ಚಾಚಿಸಿ, ಕಡ್ಡಿಯಿಂದಲ್ಲ — ಚಮಚದಿಂದ ಹಚ್ಚಿದೆ. ಮೊಣಕೈಯಿಂದ ಶುರು ಮಾಡಿದೆ. ಮೊದಲು ತೊಟ್ಟಿಲು ಮುಚ್ಚಿತು. ಆಮೇಲೆ ಚೇಳು. ಮಣಿಕಟ್ಟಿನ ಹೆಣ್ಣಿನ ರೂಪದ ಮೇಲೆ ಎರಡು ಪದರ ಹಚ್ಚಿದೆ.

ಅಷ್ಟರಲ್ಲಿ ಗೂಡ್ಸ್ ಗಾಡಿ ಬಂತು. ನಮ್ಮ ಹಿತ್ತಲಿನಿಂದ ಹಳಿ ಕಾಣುತ್ತದೆ. “ಡಬ್ಬಿ ಎಣಿಸು, ಗಾಡಿ ಹೋಗೂದ್ರಾಗ ಮುಗೀತದ” ಎಂದೆ. ಆಕೆ ಎಣಿಸಿದಳು. ನನ್ನ ಹತ್ತಿರವೇ ಕಲಿತಿದ್ದ ಎಣಿಕೆ. ಒಂದು, ಎರಡು, ಮೂರು. ಹನ್ನೆರಡಕ್ಕೆ ಹಲ್ಲು ಕಚ್ಚಿದಳು. ಇಪ್ಪತ್ತಕ್ಕೆ, “ಅಕ್ಕಾ ಸಾಕು” ಎಂದಳು. ನಾನು ಮಣಿಕಟ್ಟು ಹಿಡಿದೆ. ಇಪ್ಪತ್ತಾರಕ್ಕೆ ಎಣಿಕೆ ನಿಂತಿತು. ಆಮೇಲೆ ಬಂದದ್ದು ಕಿರುಚಾಟ. ಗಾಡಿಯ ಸದ್ದಿನಲ್ಲಿ ಪಕ್ಕದ ಮನೆಗೂ ಕೇಳಿಸಲಿಲ್ಲ. ಆಕೆ ಎದ್ದು ಓಡಲು ನೋಡಿದಳು. ನಾನು ಮೊಣಕಾಲನ್ನು ಆಕೆಯ ಹೆಗಲ ಮೇಲೆ ಊರಿ, ಎರಡೂ ಕೈಯಿಂದ ಆ ಕೈಯನ್ನು ಕಲ್ಲಿಗೆ ಒತ್ತಿ ಹಿಡಿದೆ. ಆಕೆ ಕಾಲು ಬಡಿಯುತ್ತಿದ್ದಳು, ಹಿಮ್ಮಡಿ ಫರ್ಸಿಗೆ ತಾಗಿ ಒಡೆದು ರಕ್ತ ಬಂತು. “ಅವ್ವಾ, ಅವ್ವಾ” ಅನ್ನುತ್ತಿದ್ದಳು. ಉಳಿದ ಡಬ್ಬಿಗಳನ್ನು ನಾನೇ ಎಣಿಸಿದೆ. ಐವತ್ತೆಂಟು.

ಬಿಡಬಹುದಾಗಿತ್ತು. ಇಪ್ಪತ್ತರಲ್ಲಿ ಬಿಡಬಹುದಾಗಿತ್ತು. ಐದು ಹೆಜ್ಜೆಯ ಆಚೆ ಎಣ್ಣೆಯ ಡಬ್ಬಿ ಇತ್ತು —

ಬಟ್ಟೆಯಿಂದ ಒರೆಸಿದಾಗ ಚರ್ಮ ಬಟ್ಟೆಗೆ ಅಂಟಿ ಬಂತು. ಕೆಳಗೆ ಬೆಳ್ಳಗೆ, ಬೇಯಿಸಿದ ಹಾಗೆ. ವಾಸನೆಯನ್ನು ನಾನು ಬರೆಯುವುದಿಲ್ಲ. ಹಸಿರು ಹೋಗಿರಲಿಲ್ಲ. ಮಣಿಕಟ್ಟಿನ ಬಳಿ, ಆ ಬಿಳಿಯ ಆಳದಲ್ಲಿ, ಕೊಡದ ಗೆರೆ ಇನ್ನೂ ಕಾಣುತ್ತಿತ್ತು. ಅದನ್ನು ನೋಡಿ ನನಗೆ ಬಂದದ್ದು ಮರುಕವಲ್ಲ. ಸಿಟ್ಟು. ಇದನ್ನು ಇವತ್ತಿನವರೆಗೆ ಪ್ರಾರ್ಥನೆಯಲ್ಲಿ ಕೂಡ ಹೇಳಿರಲಿಲ್ಲ.

ಒದ್ದೆ ಬಟ್ಟೆ ಸುತ್ತಿದೆ. ಅದು ಇನ್ನೂ ಕೆಟ್ಟದಾಯಿತು. ರವಿವಾರ ಜ್ವರದಲ್ಲೇ ಆಕೆಯನ್ನು ಸಭೆಗೆ ಕರೆದುಕೊಂಡು ಹೋದೆ. ಪಾಸ್ಟರು ಬಟ್ಟೆ ಸುತ್ತಿದ ಕೈಯನ್ನು ನೋಡಿ, “ಕೈಗೇನಾಗ್ಯಾದಮ್ಮ?” ಎಂದು ಆಕೆಯನ್ನೇ ಕೇಳಿದರು. ಅವರೇ ಹೇಳಿ ಮಾಡಿಸಿ, ಈಗ ಎಲ್ಲರ ಮುಂದೆ ಏನೂ ತಿಳಿಯದವರ ಹಾಗೆ ಕೇಳುತ್ತಿದ್ದಾರೆ ಎಂದೇ ಸಾಬಮ್ಮ ತಿಳಿದಿರಬೇಕು. ತಲೆ ತಗ್ಗಿಸಿದಳು. “ಎಣ್ಣಿ ಸಿಡಿತ್ರಿ” ಎಂದೆ ನಾನು. ಅವರು ಆಕೆಯ ನೆತ್ತಿಗೆ ನೀರು ಹನಿಸಿದರು.

ಬುಧವಾರ ಕೈ ಊದಿ, ಬೆರಳುಗಳು ಕಪ್ಪಾದವು. ಕಲಬುರಗಿಯ ಆಸ್ಪತ್ರೆಯಲ್ಲಿ ಸತ್ತ ಚರ್ಮವನ್ನು ಕತ್ತರಿಸಿ ತೆಗೆದರು. ತೊಡೆಯ ಚರ್ಮ ತೆಗೆದು ಕೈಗೆ ಹಾಕಿದರು. ಜೀವ ಉಳಿಯಿತು. ಕೊನೆಯ ಎರಡು ಬೆರಳು ಅಂಗೈಗೆ ಮಡಚಿಕೊಂಡವು, ಮತ್ತೆ ಬಿಚ್ಚಲಿಲ್ಲ. ಆ ಚರ್ಮಕ್ಕೆ ಬಿಸಿ ತಣ್ಣಗಿನ ಅರಿವೂ ಇಲ್ಲ. ಡಾಕ್ಟರಿಗೂ ಎಣ್ಣೆಯ ಕಥೆಯನ್ನೇ ಹೇಳಿದೆವು. ನೋಡಲು ಬಂದ ಅಣ್ಣ ಭೀಮಶಪ್ಪನ ಮುಂದೆ ಮಾತ್ರ ಸಾಬಮ್ಮ ಅತ್ತು ಹೇಳಿದಳು — ಅಕ್ಕ ಹಚ್ಚಿದಳು, ಪಾಸ್ಟರ್ರು ಹೇಳಿದ್ದರಂತೆ.

ಮುಂದಿನ ರವಿವಾರ ಆರಾಧನೆ ಮುಗಿದು ಜನ ಹೊರಗೆ ಬರುತ್ತಿದ್ದಾಗ ತೆಂಗಳಿಯಿಂದ ಐದು ಜನ ಬಂದರು. ಎಲ್ಲರ ಕೈಯಲ್ಲೂ ಬಡಿಗೆ. ಭೀಮಶಪ್ಪ ನೇರವಾಗಿ ನನ್ನ ಹತ್ತಿರ ಬಂದ. ಅವನು ಸಣ್ಣವನಿದ್ದಾಗ ನಾನು ಎತ್ತಿ ಆಡಿಸಿದ್ದೆ.

“ಎಸ್ತೇರಕ್ಕ, ನೀ ಹಚ್ಚಿದ್ದು ಖರೇನಾ?”

“ಖರೆ.”

ಅವನ ಬಡಿಗೆ ಮೇಲೆದ್ದಿತು. ಎದ್ದು ಅಲ್ಲೇ ನಿಂತಿತು. ಅಕ್ಕ ಎಂದು ಕರೆಯುತ್ತಾ ಬೆಳೆದವಳಿಗೆ ಹೊಡೆಯಲು ಆಗದೆ ಅವನು ಅಳುವವನ ಹಾಗೆ ಉಸಿರು ಬಿಡುತ್ತಿದ್ದ. “ನಿನ್ನ ಬುದ್ಧಿಲೇ ಹಚ್ಚಿದ್ದೋ, ಯಾರರ ಹೇಳಿದ್ರೋ?”

ಪಾಸ್ಟರು ಆಗಷ್ಟೇ ಬಾಗಿಲ ಹೊಸ್ತಿಲಿಗೆ ಬಂದಿದ್ದರು. ಬಿಳಿಯ ನಿಲುವಂಗಿ ಇನ್ನೂ ಮೈಮೇಲಿತ್ತು. ಗದ್ದಲವೇನೆಂದು ನೋಡಲು ಕನ್ನಡಕ ಸರಿ ಮಾಡಿಕೊಳ್ಳುತ್ತಿದ್ದರು.

“ಪಾಸ್ಟರ್ರು ಹೇಳಿದ್ರು” ಎಂದೆ.

ನನಗೆ ಎತ್ತಿದ ಬಡಿಗೆ ಅವರಿಗೆ ಬಿತ್ತು. ಅವರು ಏನೋ ಹೇಳಲು ಬಾಯಿ ತೆರೆದಿದ್ದರು, ಮೊದಲ ಏಟು ಬಾಯಿಗೇ ಬಿತ್ತು. ದವಡೆ ಮುರಿದ ಸದ್ದು ಕೇಳಿತು. ಒಣ ತೊಗರಿಕಟ್ಟಿಗೆ ಮುರಿದ ಹಾಗೆ. ಎರಡು ಹಲ್ಲು ಫರ್ಸಿಯ ಮೇಲೆ ಬಿದ್ದು ಒಂದು ನನ್ನ ಚಪ್ಪಲಿಯವರೆಗೆ ಉರುಳಿತು. ಅವರು ಬಿದ್ದ ಮೇಲೆ ಬೆನ್ನಿಗೆ, ಪಕ್ಕೆಗೆ, ಮೊಣಕಾಲಿಗೆ. ಅವರು ಕೈ ಮುಂದೆ ಮಾಡಿದಾಗ ಯಾರೋ ಕೂಗಿದರು — “ಎಡಗೈ ಹಿಡೀರಿ, ಎಡಗೈ!” ಇಬ್ಬರು ಆ ಕೈಯನ್ನು ಎಳೆದು ಹೊಸ್ತಿಲ ಕಲ್ಲಿನ ಮೇಲಿಟ್ಟು ಹಿಡಿದರು. ನಾನು ಹಿಡಿದ ಹಾಗೆಯೇ — ಮೊಣಕಾಲು ಹೆಗಲ ಮೇಲೆ. ಭೀಮಶಪ್ಪ ಬಡಿಗೆಯನ್ನು ಎರಡೂ ಕೈಯಲ್ಲಿ ಎತ್ತಿ ನಾಲ್ಕು ಸಲ ಹೊಡೆದ. ಸಭೆಯ ಜನ ಗೋಡೆಗೆ ಆತುಕೊಂಡು ನಿಂತಿದ್ದರು. ಯಾರೂ ಬಿಡಿಸಲಿಲ್ಲ. ಹುಡುಗಿಯ ಕೈ ಸುಡಿಸಿದವರೆಂದು ಆಗಲೇ ಎಲ್ಲರ ಕಿವಿಗೂ ಬಿದ್ದಿತ್ತು.

ಕೊನೆಯ ಒದೆತ ನನ್ನ ತಮ್ಮನದು. ಸಾಮುವೇಲ ಓಡಿ ಬಂದು, ನೆಲದಲ್ಲಿ ಮಡಚಿ ಬಿದ್ದಿದ್ದವರ ಹೊಟ್ಟೆಗೆ ಒದ್ದ. ಬೂಟುಗಾಲಿನಿಂದ. “ನನ್ನ ಹೆಣ್ತಿ ಕೈ ತಿಂದ್ಯಲ್ಲೋ” ಎಂದ. ಹನ್ನೆರಡು ದಿನದ ಹಿಂದೆ ಅದೇ ಬಾಯಿಂದ ಅವರನ್ನು ಅಪ್ಪನ ಸಮಾನ ಎಂದಿದ್ದ.

ನಾನು ಎಂಟು ಹೆಜ್ಜೆ ದೂರದಲ್ಲಿದ್ದೆ. ಅವರ ಮುಖ ನನ್ನ ಕಡೆ ಇತ್ತು, ಕಣ್ಣು ತೆರೆದಿತ್ತು. ಆ ಕಣ್ಣಲ್ಲಿ ಬೈಗುಳ ಇರಲಿಲ್ಲ. ಅರ್ಥವಾಗದ ಭಾಷೆಯನ್ನು ಕೇಳಿಸಿಕೊಳ್ಳುವವರ ಹಾಗೆ ನೋಡುತ್ತಿದ್ದರು. ಒಂದು ಮಾತು ಸಾಕಿತ್ತು. ಇಲ್ಲ, ಹೇಳಿಲ್ಲ, ನಾನೇ — ಯಾವುದಾದರೂ ಒಂದು. ನನ್ನ ನಾಲಿಗೆ ಚೆನ್ನಾಗಿಯೇ ಇತ್ತು. ಅದನ್ನು ಯಾರೂ ಮುರಿದಿರಲಿಲ್ಲ.

ಎರಡು ತಿಂಗಳ ನಂತರ ಸಭೆಯ ಮೇಲಿನವರು ಇಬ್ಬರು ವಿಚಾರಣೆಗೆ ಬಂದರು. ಪಾಸ್ಟರ ದವಡೆಗೆ ತಂತಿ ಕಟ್ಟಿದ್ದರು, ಮಾತು ಬರುತ್ತಿರಲಿಲ್ಲ. ಕಾಗದದ ಮೇಲೆ ಒಂದೇ ಸಾಲು ಬರೆದುಕೊಟ್ಟರು — ನಾನು ಹಾಗೆ ಹೇಳಿಲ್ಲ. ವಿಚಾರಣೆಯವರು ಅದನ್ನು ಓದಿ, ನನ್ನ ಕಡೆ ತಿರುಗಿದರು. “ಟೀಚರಬಾಯಿ, ದೇವರ ಮುಂದ ನಿಂತು ಹೇಳ್ರಿ.”

“ಪಾಸ್ಟರ್ರು ಹೇಳಿದ್ರು.”

ಅವರ ಮಾತಿಗೆ ನನ್ನ ಮಾತು ಎದುರಾಯಿತು. ನನ್ನದು ಗೆದ್ದಿತು. ನಾನು ಇಡೀ ಸಭೆಯ ಮಕ್ಕಳಿಗೆ ಕಲಿಸಿದವಳು, ಗುಂಡಗಿನ ಅಕ್ಷರದಲ್ಲಿ ಸಹಿ ಹಾಕಿದೆ. ಅವರನ್ನು ವಾಡಿಯಿಂದ ತೆಗೆದು, ಚಿಂಚೋಳಿಯ ಆಚೆ, ಹದಿನೈದು ಮನೆಯ ಸಭೆಯೊಂದಕ್ಕೆ ಹಾಕಿದರು. ಸಾಮಾನು ಲಾರಿಗೆ ಏರಿಸುವಾಗ ಅವರು ಎಡಗೈಯನ್ನು ಎದೆಗೆ ಕಟ್ಟಿಕೊಂಡು ನಿಂತಿದ್ದರು. ಜೊತೆಗೆ ಅವರ ಹೆಂಡತಿ. ನೋಡಲು ಯಾರೂ ಹೋಗಲಿಲ್ಲ. ನಾನು ಶಾಲೆಯ ಕಿಟಕಿಯಿಂದ ನೋಡಿದೆ.

ಸಾಮುವೇಲ ಮತ್ತು ಸಾಬಮ್ಮನ ಮದುವೆ ಹೊಸ ಪಾಸ್ಟರ ಕೈಯಲ್ಲಿ ಆಯಿತು. ನಾಲ್ಕು ವರ್ಷಕ್ಕೆ ಮಗಳು ಹುಟ್ಟಿದಳು, ಗ್ರೇಸಿ. ಅಷ್ಟು ಹೊತ್ತಿಗೆ ನಾವು ಸುಳ್ಳನ್ನು ಪಾಲು ಮಾಡಿಕೊಂಡಿದ್ದೆವು: ಮಕ್ಕಳಿಗೆ ಎಣ್ಣೆಯ ಕಥೆ, ದೊಡ್ಡವರಿಗೆ ಪಾಸ್ಟರ ಕಥೆ. ಸಾಬಮ್ಮ ನನ್ನ ಮೇಲೆ ಸಿಟ್ಟಿಟ್ಟುಕೊಳ್ಳಲಿಲ್ಲ. “ದೊಡ್ಡವರು ಹೇಳಿದ್ರ ಅಕ್ಕರ ಏನು ಮಾಡ್ತಾಳ” ಎನ್ನುತ್ತಿದ್ದಳು. ಆ ಮಾತನ್ನು ನಾನು ಉಣ್ಣುತ್ತಾ ಬಂದಿದ್ದೇನೆ, ಅದೇ ಮನೆಯಲ್ಲಿ, ಆಕೆ ಆ ಮಡಚಿದ ಕೈಯಲ್ಲಿ ಬಡಿದು ಕೊಟ್ಟ ರೊಟ್ಟಿಯ ಜೊತೆ.

ಗ್ರೇಸಿಗೆ ಎರಡು ತಿಂಗಳಾಗಿದ್ದಾಗ ಪಾಸ್ಟರ್ ಪ್ರಭುದಾಸರು ಬಂದರು. ಬೇಸಿಗೆಯ ಮಧ್ಯಾಹ್ನ, ಬಸ್ಸಿಳಿದು ನಡೆದುಕೊಂಡು. ದವಡೆ ಒಂದು ಕಡೆ ವಾಲಿತ್ತು, ಮಾತು ತೊದಲುತ್ತಿತ್ತು. ಕೂಸಿಗೆ ಒಂದು ಟೊಪ್ಪಿಗೆ ತಂದಿದ್ದರು. ನಾನು ಅಡುಗೆಮನೆಯಲ್ಲಿದ್ದೆ, ಹೊರಗೆ ಬರಲಿಲ್ಲ. ಸಾಬಮ್ಮ ಬಾಗಿಲಲ್ಲಿ ಅಡ್ಡ ನಿಂತಿದ್ದಳು.

“ಒಂದು ಗ್ಲಾಸ್ ನೀರು ಕೊಡಮ್ಮ” ಎಂದರು.

“ನಮ್ಮೂರಾಗ ಹಚ್ಚಿ ಇಲ್ಲದ ಕೈಲಿಂದ ಯಾರೂ ನೀರು ಕುಡಿಯಂಗಿಲ್ರಿ” ಎಂದಳು ಸಾಬಮ್ಮ. “ನಮ್ಮಪ್ಪನ್ನ ಹಡದ ಆಯಿ ನನ್ನ ಕೈಲಿಂದ ನೀರು ಇಸ್ಕೊಳ್ದೇ ಸತ್ತಾಳ. ನೀವ್ಯಾಕ ಕುಡೀತೀರಿ?”

ಅವರು ಇನ್ನೊಂದು ಸಲ ಕೇಳಿದರು. ಆಕೆ ಬಾಗಿಲು ಹಾಕಿದಳು. ಅಡುಗೆಮನೆಯಲ್ಲಿ ಕೊಡ ನನ್ನ ಕೈಗೆ ಎಟಕುವಷ್ಟು ದೂರದಲ್ಲಿತ್ತು. ಟೊಪ್ಪಿಗೆ ಕಟ್ಟೆಯ ಮೇಲೆ ಸಂಜೆಯವರೆಗೆ ಬಿದ್ದಿತ್ತು.

ಕಳೆದ ವರ್ಷ ಅವರು ತೀರಿಕೊಂಡ ಸುದ್ದಿ ಬಂದಾಗ ಸಾಬಮ್ಮ ಕೆಲಸ ನಿಲ್ಲಿಸಲಿಲ್ಲ. ನಾನೂ ಮಣ್ಣಿಗೆ ಹೋಗಲಿಲ್ಲ. ಎಲ್ಲ ಮುಗಿಯಿತು ಎಂದುಕೊಂಡೆ. ನಿಜ ಹೇಳಬೇಕೆಂದರೆ ಮನಸ್ಸು ಹಗುರಾಯಿತು — ಗೊತ್ತಿದ್ದ ಇನ್ನೊಬ್ಬರು ಹೋದರಲ್ಲ ಎಂದು. ಇದಕ್ಕಿಂತ ಕೆಳಗೆ ಇಳಿಯಲು ಜಾಗವಿಲ್ಲ.

ಗ್ರೇಸಿ ಈಗ ಕಲಬುರಗಿಯಲ್ಲಿ ನರ್ಸ್. ಹೋದ ತಿಂಗಳು ಮನೆಗೆ ಬಂದಾಗ ಎಡ ಮಣಿಕಟ್ಟಿನ ಮೇಲೆ ಹಚ್ಚೆಯಿತ್ತು. ಹೆಬ್ಬೆರಳಿನಷ್ಟು ಉದ್ದದ ಶಿಲುಬೆ. ಸಭೆಯ ಯುವಕರ ಪ್ರಶ್ನೆ ಹುಟ್ಟಿದ್ದೂ ಅಲ್ಲಿಂದಲೇ. ಸಾಮುವೇಲ ಅದನ್ನು ನೋಡಿ ಉಣ್ಣುತ್ತಿದ್ದ ತಾಟನ್ನು ಗೋಡೆಗೆ ಎಸೆದ. ಪ್ಯಾಂಟಿನ ಬೆಲ್ಟ್ ಬಿಚ್ಚಿದ. “ಕೈ ಮುರಿತೀನಿ ನಿಂದು. ಸಭಾದಾಗ ಮಾರಿ ಹ್ಯಾಂಗ ತೋರ್ಸಲಿ?”

“ಶಿಲುಬೆ ಅದಪ್ಪಾ! ದೇವರದೇ ಅಲ್ಲೇನು?”

ಬೆಲ್ಟು ಬೀಸಿ ಬಂತು. ಸಾಬಮ್ಮ ನಡುವೆ ಬಂದು ಎಡಗೈ ಅಡ್ಡ ಹಿಡಿದಳು. ಏಟು ಆ ಕೈಯ ಮೇಲೆ ಬಿದ್ದು, ಬಕಲು ಚರ್ಮ ಹರಿದು, ರಕ್ತ ಮೊಣಕೈಗಿಳಿಯಿತು. ಆಕೆ ಕೈ ಹಿಂದಕ್ಕೆ ತೆಗೆಯಲಿಲ್ಲ. ಕಣ್ಣು ಕೂಡ ಮಿಟುಕಿಸಲಿಲ್ಲ.

“ಅವ್ವಾ, ರಕ್ತ—”

“ಬಿಡು, ಈ ಕೈಗೇನೂ ಹತ್ತಂಗಿಲ್ಲ” ಎಂದಳು. ನಂತರ ಗಂಡನಿಗೆ: “ಹೊಡಿ, ಇನ್ನೊಂದು ಹೊಡಿ. ಮೊದಲೇ ಸತ್ತ ಕೈ ಇದು.”

ಸಾಮುವೇಲ ನನ್ನ ಕಡೆ ತಿರುಗಿದ. ಏದುಸಿರು ಬಿಡುತ್ತಿದ್ದ. “ಅಕ್ಕಾ, ಆ ವಾಕ್ಯ ಹೇಳು ಈಕಿಗೆ. ನೀನೇ ಹೇಳು.”

ಮೂವರೂ ನನ್ನನ್ನು ನೋಡುತ್ತಿದ್ದರು. ನಾನು ಬಾಯಿ ತೆರೆದೆ. ಮೈಯನ್ನು ಗಾಯ ಮಾಡಬಾರದು ಎಂಬಲ್ಲಿಯವರೆಗೆ ಹೇಳಿದೆ. ಮುಂದೆ ಹೋಗಲು ಆಗಲಿಲ್ಲ. ಆ ವಾಕ್ಯದ ಎರಡನೆಯ ಅರ್ಧ ಹಿಡಿದುಕೊಂಡು ನಾನು ಇಪ್ಪತ್ತಾರು ವರ್ಷ ಬದುಕಿದ್ದೆ. ಮೊದಲನೆಯ ಅರ್ಧ ನನ್ನೆದುರು ರಕ್ತ ಸುರಿಸುತ್ತಾ ನಿಂತಿತ್ತು.

ಮರುದಿನ ಬೆಳಿಗ್ಗೆ ಸಾಬಮ್ಮ ಹಿತ್ತಲಲ್ಲಿ ಜೋಳ ಹಸನು ಮಾಡುತ್ತಿದ್ದಳು. ಅದೇ ಫರ್ಸಿಕಲ್ಲಿನ ಮೇಲೆ. ಎದುರಿಗೆ ಕುಳಿತು ಎಲ್ಲವನ್ನೂ ಹೇಳಿದೆ. ಪಾಸ್ಟರು ನಿಜವಾಗಿ ಹೇಳಿದ ಮಾತನ್ನು, ಹಿತ್ತಲ ಬಾಗಿಲಿನ ನಗೆಯ ಮಾತನ್ನು ಕೂಡ, ಅವರು ಹೇಳಿದ ಹಾಗೆಯೇ ಹೇಳಿದೆ. ಆಕೆ ಕೇಳುತ್ತಾ ಕಲ್ಲು ಆರಿಸುತ್ತಿದ್ದಳು. ಮುಗಿದ ಮೇಲೆ ಮೊರವನ್ನು ಪಕ್ಕಕ್ಕಿಟ್ಟು, ಬಲಗೈಯಿಂದ ನನ್ನ ಕೆನ್ನೆಗೆ ಹೊಡೆದಳು. ನನ್ನ ತುಟಿ ಒಡೆಯಿತು. ಮತ್ತೊಮ್ಮೆ ಹೊಡೆದಳು. ಮೂರನೆಯ ಸಲ ಎತ್ತಿದ ಕೈ ಹಾಗೇ ಕೆಳಗಿಳಿಯಿತು.

“ನನ್ನ ಕೈ ಹೋಗಲಿ” ಎಂದಳು. “ಅಂವ ನೀರು ಕೇಳಿದ್ದ, ಅಕ್ಕ. ಎರಡು ಸಲ ಕೇಳಿದ್ದ. ಬಿಸಲಾಗ ಬಂದಿದ್ದ. ಈಗ ಆ ನೀರು ನಾ ಯಾರಿಗೆ ಕೊಡ್ಲಿ?”

ಆಕೆಯ ಕೈ ಒಂದನ್ನೇ ನಾನು ಸುಟ್ಟೆನೆಂದು ತಿಳಿದಿದ್ದೆ. ಬಾಯಾರಿ ಬಂದವನಿಗೆ ಬಾಗಿಲು ಹಾಕಿದವಳನ್ನಾಗಿ ಆಕೆಯನ್ನು ಮಾಡಿದ್ದೂ ನಾನೇ.

ಸಾಮುವೇಲನಿಗೂ ಹೇಳಿದೆ. ಅವನು ತನ್ನ ಬಲಗಾಲನ್ನು ನೋಡಿಕೊಂಡ, ಎದ್ದು ಹೊರಗೆ ಹೋದ. ಒಂಬತ್ತು ದಿನವಾಯಿತು, ನನ್ನೊಡನೆ ಮಾತಾಡಿಲ್ಲ. ಭೀಮಶಪ್ಪನಿಗೆ ಫೋನು ಮಾಡಿದೆ. ಅವನು ಕೊನೆಯವರೆಗೆ ಕೇಳಿಸಿಕೊಂಡು ಇಟ್ಟುಬಿಟ್ಟ.

ಯುವಕರೇ, ಕ್ರೈಸ್ತರು ಹಚ್ಚೆ ಹಾಕಿಸಿಕೊಳ್ಳಬಹುದೇ ಎಂದು ನನ್ನನ್ನು ಕೇಳಬೇಡಿ. ವಾಕ್ಯವನ್ನು ಪೂರ್ತಿ ಓದುವವರನ್ನು ಕೇಳಿರಿ. ಈ ಸಭೆಯಲ್ಲಿ ಅಂಥವರು ಒಬ್ಬರಿದ್ದರು. ಅವರನ್ನು ನಾವು ಹೊಸ್ತಿಲ ಮೇಲೆ ಬಡಿದು ಓಡಿಸಿದೆವು. ಅಂದು ನಾನು ಸಹಿ ಮಾಡಿದ ಕಾಗದ ಸುಳ್ಳು ಎಂದು ವಿಚಾರಣೆ ನಡೆಸಿದವರಿಗೆ ಬರೆದು ಕಳಿಸಿದ್ದೇನೆ. ಇದನ್ನು ಪತ್ರಿಕೆಯಲ್ಲಿ ಅಚ್ಚು ಮಾಡದಿದ್ದರೆ ರವಿವಾರ ಎದ್ದು ನಿಂತು ಓದುತ್ತೇನೆ. ಮಕ್ಕಳಿಗೆ ಇನ್ನು ನಾನು ಕಲಿಸುವುದಿಲ್ಲ.

ಪಾಸ್ಟರ ಹೆಂಡತಿ ಇನ್ನೂ ಆ ಹಳ್ಳಿಯಲ್ಲೇ ಇದ್ದಾರೆ. ಸೋಮವಾರ ಅವರ ಮುಂದೆ ಹೋಗಿ ನಿಲ್ಲುತ್ತೇನೆ ಎಂದಾಗ ಸಾಬಮ್ಮ, “ನಾನೂ ಬರ್ತೀನಿ. ಖರೆ, ನಿನ್ನ ಬಾಜೂಕ ಕುಂದ್ರಂಗಿಲ್ಲ” ಎಂದಳು. ಹಾಗೆಯೇ ಆಗಲಿ. ಚಿತ್ತಾಪುರದಲ್ಲಿ ಬಸ್ಸು ಬದಲಿಸಬೇಕು, ಚಿಂಚೋಳಿಯಲ್ಲಿ ಇನ್ನೊಮ್ಮೆ. ಆಕೆ ಮುಂದೆ ಕೂರುತ್ತಾಳೆ, ನಾನು ಹಿಂದೆ. ಊರು ಮುಟ್ಟುವಾಗ ಬಿಸಿಲು ನೆತ್ತಿಗೆ ಬಂದಿರುತ್ತದೆ. ಆ ಬಾಗಿಲಲ್ಲಿ ಹೇಳಬೇಕಾದದ್ದನ್ನೆಲ್ಲ ಹೇಳುತ್ತೇನೆ. ಎಷ್ಟೇ ಬಾಯಾರಿದರೂ ನೀರು ಮಾತ್ರ ಕೇಳುವುದಿಲ್ಲ.